ಹಾಲ್ ಥ್ರಸ್ಟರ್‌ನೊಳಗಿನ ಪ್ಲಾಸ್ಮಾ: ಅರಿವು ಬೆಳೆದ ಬಗೆ

ಕ್ಸೆನಾನ್ ಅನಿಲವನ್ನು ಪ್ಲಾಸ್ಮಾ ಆಗಿಸಿ, ಅದರ ಅಯಾನುಗಳನ್ನು ವಿದ್ಯುತ್ ಕ್ಷೇತ್ರದ ಬಲದಿಂದ ಹೊರದೂಡಿ ಉಪಗ್ರಹವನ್ನು ನೂಕುವ ಎಂಜಿನ್ ಹಾಲ್ ಥ್ರಸ್ಟರ್. ಉಂಗುರದಾಕಾರದ ಪಿಂಗಾಣಿ ಕಾಲುವೆಯ ತಳದಲ್ಲಿ ಧನಾಗ್ರ, ಬಾಯಿಯ ಹೊರಗೆ ಋಣಾಗ್ರ. ಎರಡರ ನಡುವೆ ಸಾಮಾನ್ಯವಾಗಿ 300 ವೋಲ್ಟ್. ಕಾಲುವೆಗೆ ಅಡ್ಡಲಾಗಿ ಒಂದೆರಡು ನೂರು ಗಾಸ್‌ನ ಕಾಂತಕ್ಷೇತ್ರ. ಹಗುರವಾದ ಎಲೆಕ್ಟ್ರಾನ್‌ಗಳು ಈ ಕ್ಷೇತ್ರಕ್ಕೆ ಸಿಕ್ಕಿ ಉಂಗುರದ ಸುತ್ತ ಸುಳಿಯುತ್ತ, ಹಾದುಬರುವ ಪರಮಾಣುಗಳಿಗೆ ಬಡಿದು ಅಯಾನುಗಳನ್ನು ಹುಟ್ಟಿಸುತ್ತವೆ. ಭಾರವಾದ ಅಯಾನುಗಳನ್ನು ಕಾಂತಕ್ಷೇತ್ರ ಅಷ್ಟಾಗಿ ಬಾಗಿಸಲಾರದು. ಅವು ಸೆಕೆಂಡಿಗೆ 15ರಿಂದ 20 ಕಿ.ಮೀ. ವೇಗದಲ್ಲಿ ನೇರ ಹೊರಬೀಳುತ್ತವೆ. ರಾಸಾಯನಿಕ ಎಂಜಿನ್‌ನ ಅನಿಲಕ್ಕಿಂತ ಈ ವೇಗ ಹಲವು ಪಟ್ಟು ಹೆಚ್ಚಾದ್ದರಿಂದ ಇಂಧನದ ತೂಕ ಬಹಳಷ್ಟು ಇಳಿಯುತ್ತದೆ.

ಎಂಜಿನ್‌ಗೆ ಹೆಸರು ಬಂದದ್ದು 1879ರಲ್ಲಿ ಎಡ್ವಿನ್ ಹಾಲ್ ಕಂಡ ಪರಿಣಾಮದಿಂದ. 1960ರ ದಶಕದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಇದರ ಮೇಲೆ ಕೆಲಸ ಮಾಡಿದವು. ಅಮೆರಿಕ ಜಾಲರಿಯುಳ್ಳ ಅಯಾನು ಎಂಜಿನ್‌ಗಳತ್ತ ಹೊರಳಿತು. ಮಾಸ್ಕೋದ ಕುರ್ಚಾಟೊವ್ ಸಂಸ್ಥೆಯಲ್ಲಿ ಅಲೆಕ್ಸಿ ಮೊರೊಜೊವ್ ಅವರ ತಂಡ ಕಾಂತಕ್ಷೇತ್ರ ಕಾಲುವೆಯ ಬಾಯಿಯತ್ತ ಬಲಗೊಳ್ಳುವಂತೆ ರೂಪಿಸಿ ಪ್ಲಾಸ್ಮಾವನ್ನು ಸ್ಥಿರಗೊಳಿಸಿತು. 1971ರ ಡಿಸೆಂಬರ್‌ನಲ್ಲಿ ಹಾರಿದ ಮೀಟಿಯೊರ್ ಉಪಗ್ರಹದೊಂದಿಗೆ ಈ ಎಂಜಿನ್ ಬಾಹ್ಯಾಕಾಶ ಸೇರಿತು. ಸೋವಿಯತ್ ಪತನದ ನಂತರ ಪಶ್ಚಿಮದ ಪ್ರಯೋಗಾಲಯಗಳೂ ಇದನ್ನು ಕೈಗೆತ್ತಿಕೊಂಡವು; 2003ರಲ್ಲಿ ಹೊರಟ ಯುರೋಪಿನ ಸ್ಮಾರ್ಟ್-1 ಇದರ ಬಲದಿಂದಲೇ ಚಂದ್ರನನ್ನು ತಲುಪಿತು.

ಎಂಜಿನ್ ಹಾರಿದ ಮೇಲೂ ಒಳಗಿನ ಒಂದು ಪ್ರಶ್ನೆ ಉಳಿಯಿತು. ಸುಳಿಯುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರವನ್ನು ದಾಟಿ ಧನಾಗ್ರ ಸೇರಲೇಬೇಕು. ಆದರೆ ಕೇವಲ ಡಿಕ್ಕಿಗಳಿಂದ ಸಾಧ್ಯವಾಗುವುದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅವು ದಾಟುತ್ತವೆ. 1966ರಲ್ಲಿ ಜೇನ್ಸ್ ಮತ್ತು ಲೌಡರ್ ಉಂಗುರದ ಸುತ್ತ ತಿರುಗುವ ಸಾಂದ್ರತೆಯ ಅಲೆಯನ್ನು ಗುರುತಿಸಿ ಅದನ್ನೇ ಕಾರಣವೆಂದು ಸೂಚಿಸಿದರು. ಮೊರೊಜೊವ್ ಗೋಡೆಗೆ ಬಡಿದು ಚದುರುವ ಎಲೆಕ್ಟ್ರಾನ್‌ಗಳತ್ತ ಬೊಟ್ಟುಮಾಡಿದರು. 2004ರಲ್ಲಿ ಫ್ರಾನ್ಸಿನ ಆಡಮ್, ಹೆರೊನ್ ಮತ್ತು ಲಾವಾಲ್ ಅವರ ಗಣಕ ಅನುಕರಣೆಯಲ್ಲಿ ಮೂರನೆಯ ಸಂಭವನೀಯ ಕಾರಣವಾಗಿ ಮಿಲಿಮೀಟರ್ ಅಳತೆಯ ಚುರುಕು ಅಲೆಗಳು ಕಂಡವು. ಲೇಸರ್ ಚದುರಿಕೆಯ ಪ್ರಯೋಗಗಳು ಬಳಿಕ ಅಂಥ ಅಲೆಗಳನ್ನು ಪತ್ತೆಹಚ್ಚಿದವು. ಮೂರೂ ಕಾರಣಗಳ ಪಾಲು ಎಷ್ಟೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಹೀಗಾಗಿ ವಿನ್ಯಾಸದ ಅನೇಕ ಲೆಕ್ಕಾಚಾರಗಳಲ್ಲಿ ಈ ಚಲನೆಯ ಮೌಲ್ಯವನ್ನು ಪ್ರಯೋಗದಿಂದಲೇ ತುಂಬಬೇಕಾಗುತ್ತದೆ.

ಆದರೆ ಇನ್ನೊಂದು ಒಗಟಿಗೆ, ಅಂದರೆ ಎಂಜಿನ್‌ನ ವಿದ್ಯುತ್ ಪ್ರವಾಹವು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಏರಿಳಿಯುವುದಕ್ಕೆ ವಿವರಣೆ ದೊರೆತಿದೆ. ಹುಲಿ ಹೆಚ್ಚಿದಾಗ ಜಿಂಕೆ ಕರಗಿ, ಜಿಂಕೆ ಕರಗಿದಾಗ ಹುಲಿಯೂ ಇಳಿಯುವ ಹಾಗೆ, ಅಯಾನೀಕರಣ ತೀವ್ರವಾದಾಗ ತಟಸ್ಥ ಅನಿಲ ಖಾಲಿಯಾಗಿ ಪ್ಲಾಸ್ಮಾ ಕುಗ್ಗುತ್ತದೆ. ಅನಿಲ ಮತ್ತೆ ತುಂಬಿದಾಗ ಚಕ್ರ ಮರುಕಳಿಸುತ್ತದೆ.

ಎಂಜಿನ್‌ನ ಆಯುಸ್ಸನ್ನು ನಿರ್ಧರಿಸುವುದು ಅಯಾನುಗಳ ಹೊಡೆತಕ್ಕೆ ಪಿಂಗಾಣಿ ಗೋಡೆ ಸವೆಯುವ ಬಗೆ. ಅಮೆರಿಕದ ಬಿಪಿಟಿ-4000 ಎಂಜಿನ್‌ನ ದೀರ್ಘ ಪರೀಕ್ಷೆಯಲ್ಲಿ ಒಂದು ಹಂತದ ನಂತರ ಸವೆತ ಬಹುತೇಕ ನಿಂತಿತು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ವಿಜ್ಞಾನಿಗಳು ಇದರ ಕಾರಣ ಹುಡುಕಿದರು: ಕಾಂತರೇಖೆಗಳು ಗೋಡೆಗೆ ಸಮಾನಾಂತರವಾಗಿ ಧನಾಗ್ರದ ಬಳಿಯವರೆಗೆ ಚಾಚಿದರೆ ಗೋಡೆಯ ಪಕ್ಕದ ಎಲೆಕ್ಟ್ರಾನ್‌ಗಳು ತಣ್ಣಗಿರುತ್ತವೆ, ಅಯಾನುಗಳು ಗೋಡೆಯತ್ತ ರಭಸದಿಂದ ನುಗ್ಗುವುದಿಲ್ಲ. ಕಾಂತರಕ್ಷಣೆ ಎನ್ನಬಹುದಾದ ಈ ವಿಧಾನ ಕಳೆದ ದಶಕದ ವಿನ್ಯಾಸಗಳನ್ನೇ ಬದಲಿಸಿತು.

ಭಾರತದ ಹಾದಿ ಬಹುಪಾಲು ಇಸ್ರೋ ಮೂಲಕ ಸಾಗಿದೆ. ಹಾಲ್ ಥ್ರಸ್ಟರ್‌ಗಳನ್ನು ಹೊತ್ತ ಜಿಸ್ಯಾಟ್-4 ಉಪಗ್ರಹ, 2010ರ ಏಪ್ರಿಲ್ 15ರಂದು ಉಡಾವಣೆ ವಿಫಲವಾಗಿ ಕಳೆದುಹೋಯಿತು. 2017ರ ಮೇ 5ರಂದು ಹಾರಿದ ಜಿಸ್ಯಾಟ್-9 ವಿದ್ಯುತ್ ನೋದನವನ್ನು ಕಕ್ಷೆಗೆ ಒಯ್ದಿತು. ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ತನ್ನ ಹಾಲ್ ಥ್ರಸ್ಟರ್‌ಗೆ ಬೇಕಾದ ಋಣಾಗ್ರವನ್ನು 2024ರ ಜನವರಿ 1ರಂದು ಪಿಎಸ್‌ಎಲ್‌ವಿ ಸಿ-58 ರಾಕೆಟ್‌ನಲ್ಲಿ ಕಳಿಸಿತು. 2025ರ ಮಾರ್ಚ್‌ನಲ್ಲಿ ಇಸ್ರೋ 300 ಮಿಲಿನ್ಯೂಟನ್ ನೂಕುಬಲದ ಸ್ವದೇಶಿ ಎಂಜಿನ್‌ನ 1000 ಗಂಟೆಗಳ ಪರೀಕ್ಷೆಯನ್ನು 5.4 ಕಿಲೋವ್ಯಾಟ್ ಪೂರ್ಣ ಶಕ್ತಿಯಲ್ಲಿ ಮುಗಿಸಿತು. ಒಳಪದರದ ಸವೆತವನ್ನು ಆಗಾಗ್ಗೆ ಅಳೆಯುತ್ತ ಪರೀಕ್ಷೆ ನಡೆಯಿತು. ಈ ಎಂಜಿನ್‌ನ ಮೊದಲ ಬಳಕೆ ಟಿಡಿಎಸ್-1 ಉಪಗ್ರಹದಲ್ಲಿ ಎಂಬುದು ಇಸ್ರೋ ಪ್ರಕಟಿಸಿದ ಯೋಜನೆ.