ಚಾಲೂ ಆಗದ ಕಂಪ್ಯೂಟರ್ ಏನು ಹೇಳುತ್ತದೆ?

"ಕಂಪ್ಯೂಟರ್ ಚಾಲೂ ಆಗವಲ್ದು" ಅಂದ್ರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ತಟ್ಟನೆ ಬರುವ ಉತ್ತರ ಒಂದೇ: "ಮದರ್‌ಬೋರ್ಡ್ ಹೋಗ್ಯಾದ ಬಿಡ್ರಿ." ಈ ಒಂದು ಮಾತಿಗೆ ಎಷ್ಟೋ ಗಟ್ಟಿ ಮಷೀನುಗಳು ಗುಜರಿ ಸೇರಿವೆ. ಹತ್ತಿ ಮಾರಿದ ದುಡ್ಡಿನಲ್ಲಿ ಮಕ್ಕಳ ಓದಿಗೆ ಅಂತ ತಂದ ಡಬ್ಬಿ ಅದು, ಸುಮ್ಮನೆ ಎಸೆಯುವಂಥದ್ದಲ್ಲ. ಅದೂ ಅಲ್ಲದೆ, ತನಗೇನಾಗಿದೆ ಅಂತ ಕಂಪ್ಯೂಟರ್ ಬಹುತೇಕ ಸಲ ತಾನೇ ಹೇಳುತ್ತದೆ. ಹಾಗೆ ಹೇಳುವ ಗುಣ ಅದಕ್ಕೆ ಹೇಗೆ ಬಂತು ಅನ್ನೋದೇ ಒಂದು ಚರಿತ್ರೆ.

ಮೊದಲು ಕಂಪ್ಯೂಟರ್ ಕೆಟ್ಟರೆ ಎಂಜಿನಿಯರ್ ಬರಬೇಕಿತ್ತು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಇಲ್ಲಿ ಉಳಿದ ಅದರ ಮಷೀನುಗಳ ಕಾಳಜಿ ಕಂಪ್ಯೂಟರ್ ಮೆಂಟೆನನ್ಸ್ ಕಾರ್ಪೊರೇಷನ್ ಹೆಗಲಿಗೆ ಬಿತ್ತು. ಹೆಸರೇ ಹೇಳುತ್ತದೆ ನೋಡ್ರಿ, ರಿಪೇರಿಗಾಗಿಯೇ ಒಂದು ಸರ್ಕಾರಿ ಕಂಪನಿ ಬೇಕಾಗಿದ್ದ ಕಾಲ ಅದು.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿ ಬಿಟ್ಟಿತು. ಮನೆ ಮನೆಗೆ ಎಂಜಿನಿಯರ್ ಹೋಗೋದು ಆಗದ ಮಾತು. ಹೀಗಾಗಿ ಪರೀಕ್ಷೆ ಮಾಡುವ ಒಂದು ಪ್ರೋಗ್ರಾಮನ್ನು ಮಷೀನಿನ ಚಿಪ್ಪಿನಲ್ಲೇ ಕೂಡಿಸಿದರು. ಅದೇ ಪೋಸ್ಟ್, ಅಂದರೆ ಪವರ್ ಆನ್ ಸೆಲ್ಫ್ ಟೆಸ್ಟ್. ಬಟನ್ ಒತ್ತಿದ ಕೂಡಲೇ ಪ್ರೊಸೆಸರ್, ಬಯೋಸ್ ಚಿಪ್, ಟೈಮರ್, ಮೆಮೊರಿಯ ಮೊದಲ ಭಾಗ, ಆಮೇಲೆ ಪರದೆ, ಕೀಬೋರ್ಡ್ ಅಂತ ಒಂದೊಂದನ್ನೇ ನೋಡುತ್ತ ಹೋಗುತ್ತದೆ. ಪರದೆ ಬರೋದಕ್ಕಿಂತ ಮೊದಲೇ ದೋಷ ಸಿಕ್ಕರೆ ಬರೆದು ತೋರಿಸಲು ಜಾಗವೇ ಇಲ್ಲ. ಅದಕ್ಕೇ ಸ್ಪೀಕರಿನಿಂದ ಬೀಪ್. ಒಂದು ಸಣ್ಣ ಬೀಪ್ ಅಂದ್ರೆ ಎಲ್ಲ ಸರಿ. ಒಂದು ಉದ್ದ, ಎರಡು ಸಣ್ಣ ಅಂದ್ರೆ ಡಿಸ್‌ಪ್ಲೇ ಕಾರ್ಡಿನ ತಕರಾರು. ಪರದೆ ಬಂದ ಮೇಲಿನ ದೋಷಕ್ಕೆ ನಂಬರ್: 201 ಮೆಮೊರಿ, 301 ಕೀಬೋರ್ಡ್.

ಐಬಿಎಂ ಇನ್ನೊಂದು ಕೆಲಸ ಮಾಡಿತು. ತನ್ನ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಯನ್ನೂ ಬಯೋಸಿನ ಕೋಡನ್ನೂ ಅಚ್ಚು ಹಾಕಿಸಿತು. ಕೋಡ್ ನಕಲು ಮಾಡುವಂತಿರಲಿಲ್ಲ. ಫೀನಿಕ್ಸ್, ಎಎಂಐ, ಅವಾರ್ಡ್‌ನಂಥವರು ತಮ್ಮ ತಮ್ಮ ಬಯೋಸ್ ಬರೆದರು. ಒಬ್ಬೊಬ್ಬರ ಬೀಪ್ ಭಾಷೆ ಒಂದೊಂದು ಥರ. ಆದರೆ ಬಿಡಿಭಾಗ ಎಲ್ಲದಕ್ಕೂ ಹೊಂದುವಂತಾಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಊರಲ್ಲೇ ಜೋಡಿಸುವ 'ಅಸೆಂಬಲ್ಡ್' ಕಂಪ್ಯೂಟರ್ ಹುಟ್ಟಿದ್ದು ಹಿಂಗ. ಇದೇ ಪಿಸಿ ಸಂತತಿಯ ಮಷೀನುಗಳು 'ಭೂಮಿ' ಯೋಜನೆಯ ಪಹಣಿಗಾಗಿ 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗೂ ಬಂದವು. ನಮ್ಮ ಕಡೆಯ ಎಷ್ಟೋ ರೈತರು ಮೊದಲು ಕಂಡ ಕಂಪ್ಯೂಟರ್ ಅದೇ ಇರಬೇಕು.

ಪ್ರತಿ ದಶಕವೂ ಒಂದು ಹೊಸ ರೋಗ ತಂದಿತು. 1984ರ ಐಬಿಎಂ ಎಟಿ ಸೆಟ್ಟಿಂಗ್ ನೆನಪಿಡಲು ಬ್ಯಾಟರಿ ಇಟ್ಟುಕೊಂಡಿತು. ಇಂದಿನ ಬೋರ್ಡಿನ ಬಿಲ್ಲೆಯಂಥ 3 ವೋಲ್ಟಿನ ಸಿಆರ್2032 ಸೆಲ್ ಅದರ ಮೊಮ್ಮಗ. ದಿನಾಲೂ ತಾರೀಖು ತಪ್ಪುತ್ತಿದ್ದರೆ ಮೊದಲು ಅದನ್ನು ಬದಲಿಸಿ. 1995ರ ಎಟಿಎಕ್ಸ್ ಬಂದ ಮೇಲೆ ಬಟನ್ ನೇರ ಕರೆಂಟಿನ ಸ್ವಿಚ್ಚಾಗಿ ಉಳಿಯಲಿಲ್ಲ. ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಎಸ್‌ಎಂಪಿಎಸ್ ತನ್ನ ವೋಲ್ಟೇಜ್ ನೋಡಿಕೊಂಡು 'ಸರಿ ಇದೆ' ಎಂಬ ಸಂಕೇತ ಕೊಡುವವರೆಗೆ ಪ್ರೊಸೆಸರ್ ಕದಲೋದಿಲ್ಲ. ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಸಂಶಯ ಮೊದಲು ಎಸ್‌ಎಂಪಿಎಸ್ ಮೇಲೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿರುವುದರ ಮೇಲೆ. 2000ದ ಆಸುಪಾಸಿನ ಕೆಲವು ವರ್ಷ ಕೆಟ್ಟ ಕೆಪಾಸಿಟರ್‌ಗಳ ಹಾವಳಿ. ಜಗತ್ತಿನ ತುಂಬ ಬೋರ್ಡುಗಳ ಮೇಲೆ ಅವು ಪೂರಿಯಂತೆ ಉಬ್ಬಿ, ಸೋರಿ ಸತ್ತವು.

ಈ ಚರಿತ್ರೆಯಿಂದ ಸಿಗುವ ಕ್ರಮ ಸರಳ. ಮೊದಲು ಕರೆಂಟ್: ಪ್ಲಗ್ಗು, ವೈರು, ಯುಪಿಎಸ್. ಆಮೇಲೆ ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಉಬ್ಬಿದ್ದೇನಾದರೂ ಕಾಣುತ್ತದಾ ನೋಡಿ. ಎಸ್‌ಎಂಪಿಎಸ್ ಒಳಗೆ ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ರ‍್ಯಾಮ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಮೆತ್ತಗೆ ರಬ್ಬರಿನಿಂದ ಒರೆಸಿ ಕೂಡಿಸಿ. ನಮ್ಮ ಬ್ಯಾಸಿಗಿ ಧೂಳಿಗೆ ಅರ್ಧ ಮಷೀನು ಇಷ್ಟಕ್ಕೇ ಏಳುತ್ತವೆ.

ಏಳದಿದ್ದರೆ ಕೊನೆಯ ಪರೀಕ್ಷೆ. ರ‍್ಯಾಮ್ ಪೂರ್ತಿ ತೆಗೆದು ಬಟನ್ ಒತ್ತಿ. ಬೀಪ್ ಬಂತು ಅಂದ್ರೆ ಎಸ್‌ಎಂಪಿಎಸ್ ಕರೆಂಟ್ ಕೊಡುತ್ತಿದೆ, ಪ್ರೊಸೆಸರ್ ಎದ್ದಿದೆ, ಬಯೋಸ್ ಓಡುತ್ತಿದೆ, 'ಮೆಮೊರಿ ಎಲ್ಲಿ?' ಅಂತ ಬೋರ್ಡ್ ಕೇಳುತ್ತಿದೆ. ಸತ್ತ ಬೋರ್ಡ್ ಹಂಗ ಕೇಳಲ್ಲ.

ಈಗಿನ ಬಹಳಷ್ಟು ಬೋರ್ಡುಗಳಿಗೆ ಸ್ಪೀಕರ್ ಹಾಕಿಯೇ ಕೊಡುವುದಿಲ್ಲ, ಅದನ್ನು ಸಿಗಿಸುವ ಪಿನ್ನು ಮಾತ್ರ ಇರುತ್ತವೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೇ ಬೆಸುಗೆ ಹಾಕಿಬಿಟ್ಟಿದ್ದಾರೆ. ತಾನೇ ಹೇಳಲಿ ಅಂತ ಮಾಡಿದ ಮಷೀನಿನ ಬಾಯಿ ಮೆಲ್ಲಗೆ ಮುಚ್ಚುತ್ತಿದೆ. ಅದರ ಬಾಯಿ ಮುಚ್ಚಿದಷ್ಟೂ ಅಂಗಡಿಯವನ ಮಾತೇ ಅಂತಿಮ. ಮನೆಯಲ್ಲಿ ಹಳೆ ಪಿಸಿ ಇದ್ದರೆ ಒಂದು ಸಣ್ಣ ಬಜರ್ ತಂದು ಆ ಪಿನ್ನಿಗೆ ಸಿಗಿಸಿ. ಗುಜರಿಗೆ ಹಾಕುವ ಮೊದಲು ಅದು ಏನಂತದ, ಒಂದು ಸಲ ಕೇಳ್ರಿ.