ಪಹಣಿಯ ಗುಂಟೆ, ಪರದೆಯ ಗಡಿ: ಗ್ರಾಮೀಣ ಭೂಮೌಲ್ಯಮಾಪಕರಿಗೆ ಕೆಲವು ಗಣಕ ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಜಮೀನಿಗೆ ಬೆಲೆ ಕಟ್ಟುವ ಕೆಲಸಕ್ಕೆ ಇತ್ತೀಚಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚಿದೆ. ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ವಿಭಾಗ, ನ್ಯಾಯಾಲಯದ ವ್ಯಾಜ್ಯಗಳ ಜೊತೆಗೆ ಈಗ ಹೆದ್ದಾರಿಯೂ ಸೇರಿದೆ. ಸುಮಾರು 92 ಕಿ.ಮೀ. ಉದ್ದದ ಮೈಸೂರು–ಕುಶಾಲನಗರ ಚತುಷ್ಪಥ ಯೋಜನೆಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆ ನೆರವೇರಿತು. ಮೌಲ್ಯಮಾಪಕರ ವರದಿಯನ್ನು ಓದುವ ಬ್ಯಾಂಕ್ ಅಧಿಕಾರಿಯಾಗಲಿ, ನಗರದಲ್ಲಿ ನೆಲೆಸಿರುವ ವಾರಸುದಾರನಾಗಲಿ ಆ ಜಮೀನನ್ನು ಬಹುಪಾಲು ಕಣ್ಣಾರೆ ಕಂಡಿರುವುದಿಲ್ಲ. ಕಾಗದದ ಮೇಲಿನ ಅಂಕಿಯೇ ಅವರ ಪಾಲಿಗೆ ಜಮೀನು.

ಆ ಅಂಕಿ ಇಂದು ಗಣಕಯಂತ್ರದಿಂದ ಹೊರಬರುತ್ತದೆ. ತಂತ್ರಾಂಶಗಳಿಗೆ ಕೊರತೆಯಿಲ್ಲ; ಅಗತ್ಯವಾದ ಬಹುತೇಕ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಯಾವ ಸಂಖ್ಯೆ ಏನನ್ನು ಅಳೆಯುತ್ತದೆ, ಅದರ ದೋಷದ ಮಿತಿ ಎಷ್ಟು ಎಂಬುದನ್ನು ಯಂತ್ರ ತಾನಾಗಿ ಹೇಳುವುದಿಲ್ಲ. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ದಶಮಾಂಶವಲ್ಲದ ಚುಕ್ಕೆ

ಪಹಣಿಯಲ್ಲಿ 2.20 ಎಂದು ಬರೆದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಎಕ್ಸೆಲ್ ಮಾತ್ರ ಅದನ್ನು ಎರಡು ಎಕರೆ ಮತ್ತು ಹತ್ತನೇ ಎರಡು ಭಾಗ ಎಂದೇ ಓದುತ್ತದೆ. ಅಷ್ಟೇ ಅಲ್ಲದೆ ಕೊನೆಯ ಸೊನ್ನೆಯನ್ನು ಅಳಿಸಿ 2.2 ಎಂದು ತೋರಿಸುತ್ತದೆ. ಮುಂದೆ ಅದನ್ನು ನೋಡಿದವರು 2 ಎಕರೆ 2 ಗುಂಟೆ ಎಂದು ತಿಳಿಯಲೂಬಹುದು. ಇಂತಹ ಜಮೀನು 50 ಲಕ್ಷ ರೂಪಾಯಿಗೆ ಮಾರಾಟವಾಗಿದೆ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಎಕರೆಗೆ ಸರಿಯಾದ ದರ 20 ಲಕ್ಷ. ಚುಕ್ಕೆಯನ್ನು ದಶಮಾಂಶವೆಂದು ಭ್ರಮಿಸಿದರೆ ಅದು 22 ಲಕ್ಷ 73 ಸಾವಿರಕ್ಕೆ ಏರುತ್ತದೆ. ಆ ದರವನ್ನು ಆಧಾರವಾಗಿಟ್ಟುಕೊಂಡು ಪಕ್ಕದ ಹತ್ತು ಎಕರೆಗೆ ಬೆಲೆ ಕಟ್ಟಿದವರ ಅಂದಾಜು 27 ಲಕ್ಷ ರೂಪಾಯಿಗಳಷ್ಟು ಹೆಚ್ಚಾಗಿರುತ್ತದೆ.

ಪರಿಹಾರ ಸರಳ. ಎಕರೆ, ಗುಂಟೆ, ಆಣೆಗಳಿಗೆ ಮೂರು ಪ್ರತ್ಯೇಕ ಕಂಬಸಾಲುಗಳಿರಲಿ. ನಾಲ್ಕನೆಯದರಲ್ಲಿ ಗುಂಟೆಯನ್ನು 40ರಿಂದಲೂ ಆಣೆಯನ್ನು 640ರಿಂದಲೂ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರವನ್ನು ಅಳವಡಿಸಿದರೆ ಶುದ್ಧ ದಶಮಾಂಶ ಎಕರೆ ದೊರೆಯುತ್ತದೆ. ಗುಂಟೆಯ ಸಾಲಿನಲ್ಲಿ 39ಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಸ್ವೀಕರಿಸದಂತೆ ನಿರ್ಬಂಧಿಸುವುದು ಒಳಿತು. ಬೇರೆಯವರು ಕೊಟ್ಟ ಪಟ್ಟಿಯಲ್ಲಿ 3.75 ಎಂಬಂತಹ ವಿಸ್ತೀರ್ಣ ಕಂಡರೆ, ಯಾರೋ ಆಗಲೇ ದಶಮಾಂಶಕ್ಕೆ ಪರಿವರ್ತಿಸಿದ್ದಾರೆ ಎಂದೇ ಅರ್ಥ.

ಒಂದು ಗುಂಟೆ ಎಂದರೆ 33 ಅಡಿ ಚೌಕ, 1,089 ಚದರಡಿ, ಸುಮಾರು 101.17 ಚದರ ಮೀಟರ್. ಆಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ವಿಸ್ತೀರ್ಣದ ಆಣೆ ಗುಂಟೆಯ ಹದಿನಾರನೇ ಒಂದು ಭಾಗ. ಹಳೆಯ ಸರ್ವೆ ಟಿಪ್ಪಣಿಗಳಲ್ಲಿ ಬರುವ ಆಣೆ ಉದ್ದದ ಅಳತೆ. 33 ಅಡಿಯ ಸರಪಳಿಯ ಹದಿನಾರನೇ ಒಂದು ಭಾಗ, ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಹೆಸರು ಒಂದೇ ಆದ್ದರಿಂದ ಪಳಗಿದವರೂ ಇಲ್ಲಿ ಎಡವಿದ್ದುಂಟು.

ಎಕ್ಸೆಲ್‌ನ ಇನ್ನೊಂದು ಚೇಷ್ಟೆಯೂ ಇದೆ. ಸರ್ವೆ ನಂಬರು 12/3 ಎಂದು ಬೆರಳಚ್ಚಿಸಿದರೆ ಅದು ಮಾರ್ಚ್ 12 ಎಂಬ ದಿನಾಂಕವಾಗಿ ಬದಲಾಗುತ್ತದೆ. ನಂಬರುಗಳನ್ನು ತುಂಬುವ ಮೊದಲೇ ಆ ಸಾಲನ್ನು ಪಠ್ಯರೂಪಕ್ಕೆ ಹೊಂದಿಸಬೇಕು. ಆಮೇಲೆ ಹೊಂದಿಸಿದರೆ ಹೋದ ನಂಬರು ಹಿಂದಿರುಗುವುದಿಲ್ಲ. ಕಡತದ ಹೆಸರಿನಲ್ಲಿ ಓರೆಗೆರೆಯನ್ನು ವಿಂಡೋಸ್ ಒಪ್ಪದಿರುವುದರಿಂದ, ಹಿಸ್ಸಾ ನಂಬರನ್ನು ಅಡ್ಡಗೆರೆಯಿಂದ ಬೇರ್ಪಡಿಸಿ ಎಲ್ಲ ಕಡತಗಳಲ್ಲೂ ಅದೇ ಕ್ರಮವನ್ನು ಪಾಲಿಸಬೇಕು.

ದಾಖಲೆಗಳ ಹುಡುಕಾಟ

ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಈ ವೃತ್ತಿಯ ದಾರಿಯನ್ನೇ ಬದಲಿಸಿತು. ಪಹಣಿಯಲ್ಲಿ ಮೊದಲು ನೋಡಬೇಕಾದದ್ದು 9ನೇ ಕಾಲಮ್ಮಿನ ಹೆಸರಲ್ಲ, 3ನೇ ಕಾಲಮ್ಮಿನ ವಿಸ್ತೀರ್ಣ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂಬ ಕಳೆತಗಳಿರುತ್ತವೆ. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ನೆಲ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದದ್ದು. ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಆದುದರಿಂದ ಎಕ್ಸೆಲ್ ಪಟ್ಟಿಯಲ್ಲಿ ಖರಾಬಿಗೂ ಒಂದೊಂದು ಸಾಲು ಇರಲೇಬೇಕು.

ಮಂಜೂರಾದ ಜಮೀನಾದರೆ ಮೂಲ ಮಂಜೂರಾತಿಯ ಷರತ್ತುಗಳನ್ನು ಕೇಳದೆ ಮುಂದುವರಿಯಬಾರದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು 1978ರ ಕಾಯಿದೆ ನಿಷೇಧಿಸುತ್ತದೆ. 2023ರ ತಿದ್ದುಪಡಿಯ ನಂತರ ಅಂತಹ ಭೂಮಿಯ ಮರುಸ್ಥಾಪನೆಗೆ ಅರ್ಜಿ ಸಲ್ಲಿಸಲು ಕಾಲಮಿತಿಯೂ ಇಲ್ಲ. ಎಷ್ಟೇ ಫಲವತ್ತಾದ ನೆಲವಾಗಿರಲಿ, ಈ ಪ್ರಶ್ನೆ ಇತ್ಯರ್ಥವಾಗದೆ ಅದಕ್ಕೆ ಮಾರುಕಟ್ಟೆ ಬೆಲೆ ಎಂಬುದಿಲ್ಲ.

ಜಾಲತಾಣಗಳಲ್ಲಿ ಗ್ರಾಮ ಸಿಗಲಿಲ್ಲವೆಂದು ಹಲವರು ಕೈಚೆಲ್ಲುತ್ತಾರೆ. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಎರಡೂ ಹೆಸರುಗಳಡಿ ಹುಡುಕುವುದು ಅಗತ್ಯ; ಹಳೆಯ ಕ್ರಯಪತ್ರಗಳಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಇರುತ್ತದೆ. ಇಂಗ್ಲಿಷಿನಲ್ಲಿ ಪಿರಿಯಾಪಟ್ಟಣವನ್ನು ಎರಡು ಬಗೆಯಾಗಿ ಬರೆಯುವ ರೂಢಿಯೂ ಇದೆ. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾದ ವರದಿಗಳು ಕಚೇರಿಯಲ್ಲಿದ್ದರೆ, ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಬೇಕು. ಇಲ್ಲವಾದರೆ ಗ್ರಾಮದ ಹೆಸರಿನಿಂದ ಹುಡುಕಿದಾಗ ಅವು ಕಾಣಿಸಿಕೊಳ್ಳುವುದೇ ಇಲ್ಲ.

ನಕ್ಷೆ ತೋರಿಸುವ ಗೆರೆ

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ‘ದಿಶಾಂಕ್’ ಆ್ಯಪ್, ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ತಪ್ಪು ಜಮೀನಿಗೆ ಹೋಗಿ ನಿಲ್ಲುವುದನ್ನು ತಪ್ಪಿಸಲು ಇದರಷ್ಟು ಉಪಯುಕ್ತ ಸಾಧನ ಮತ್ತೊಂದಿಲ್ಲ. ಗಡಿಯನ್ನು ನಿರ್ಧರಿಸಲು ಮಾತ್ರ ಇದು ಸಲ್ಲದು. ತೆರೆದ ಆಕಾಶದಡಿಯಲ್ಲೂ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ಆಗುತ್ತದೆ; ತೆಂಗಿನ ತೋಟದಲ್ಲಿ, ನಾಗರಹೊಳೆ ಅಂಚಿನ ಮರಗಳ ನಡುವೆ ಇನ್ನೂ ಹೆಚ್ಚು. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 63.6 ಮೀಟರ್. ಒಂದೇ ಬದಿಯಲ್ಲಿ 5 ಮೀಟರ್ ತಪ್ಪಿದರೆ ಮೂರು ಗುಂಟೆಗೂ ಹೆಚ್ಚು ವ್ಯತ್ಯಾಸ ಬರುತ್ತದೆ.

ಆ್ಯಪ್‌ನ ಹಿಂದಿರುವ ಗ್ರಾಮ ನಕ್ಷೆಗೂ ತನ್ನದೇ ಮಿತಿಯಿದೆ. 8 ಇಂಚಿಗೆ 1 ಮೈಲಿ, ಅಂದರೆ 1:7,920 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲವಾಗುತ್ತದೆ. ಪರದೆಯಲ್ಲಿ ಆ ಗೆರೆಯನ್ನು ಎಷ್ಟು ಹಿಗ್ಗಿಸಿದರೂ ನಿಖರತೆ ಹಿಗ್ಗುವುದಿಲ್ಲ.

ಕಂದಾಯ ಇಲಾಖೆಯ ಜಾಲತಾಣದಿಂದ ಪಡೆದ ಗ್ರಾಮ ನಕ್ಷೆಯನ್ನು ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ನೆಲಕ್ಕೆ ಹೊಂದಿಸಬಹುದು. ಮೂರು ಗ್ರಾಮಗಳ ಎಲ್ಲೆ ಕೂಡುವ ಕಲ್ಲು, ಹಳೆಯ ಕೆರೆ ಏರಿಯ ತುದಿ, ಬದಲಾಗದ ಬಂಡಿದಾರಿಗಳ ಕೂಡುವಿಕೆ ಇವೇ ಹೊಂದಿಕೆಯ ಬಿಂದುಗಳಾಗಬೇಕು. ಇತ್ತೀಚಿನ ಟಾರು ರಸ್ತೆಯ ತಿರುವನ್ನು ನಂಬಬಾರದು. ರಸ್ತೆ ಅಗಲವಾಗುತ್ತದೆ, ಜರುಗುತ್ತದೆ. ಬಿಂದುಗಳು ಹಳ್ಳಿಯ ನಾಲ್ಕೂ ಅಂಚಿಗೆ ಹರಡಿರಬೇಕು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಲೋಪವಿದೆ. ಗೂಗಲ್ ಉಪಗ್ರಹ ಚಿತ್ರವನ್ನು ಹಿನ್ನೆಲೆಯಾಗಿ ಹಾಕಿದೊಡನೆ ಕಡತ ‘ವೆಬ್ ಮರ್ಕೇಟರ್’ ಎಂಬ ಪ್ರಕ್ಷೇಪಕ್ಕೆ ತಿರುಗುತ್ತದೆ. ಆ ಪ್ರಕ್ಷೇಪದ ಸಮತಲದಲ್ಲಿ ಅಳೆದರೆ, ಮೈಸೂರು ಸೀಮೆಯ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು ಶೇ 5ರಷ್ಟು ಹೆಚ್ಚಾಗಿ ಕಾಣುತ್ತದೆ. ಎಕರೆಗೆ ಎರಡು ಗುಂಟೆ ಗಾಳಿಯಲ್ಲಿ ಹುಟ್ಟಿಕೊಂಡಂತೆ! ನಾಲ್ಕೂ ತಾಲ್ಲೂಕುಗಳು ಯುಟಿಎಂ 43 ಉತ್ತರ ವಲಯದಲ್ಲಿವೆ. ಯೋಜನಾ ಕಡತವನ್ನು ಇಪಿಎಸ್‌ಜಿ 32643 ಎಂಬ ಸಂಕೇತಕ್ಕೆ ಹೊಂದಿಸಿ, ಜಮೀನಿನ ಆಕೃತಿಯನ್ನೂ ಅದೇ ಪ್ರಕ್ಷೇಪದಲ್ಲಿ ಉಳಿಸಿ ಅಳೆದರೆ ದೋಷ ಲೆಕ್ಕಕ್ಕೆ ಬಾರದಷ್ಟು ಕುಗ್ಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಭೂಲಕ್ಷಣ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿದ್ದರಿಂದ, ಅವುಗಳನ್ನು ಹಾಗೆಯೇ ಜಿಪಿಎಸ್ ಬಿಂದುಗಳ ಮೇಲೆ ಕೂರಿಸಿದರೆ ಎರಡೂ ಕೂಡುವುದಿಲ್ಲ.

ಯಾವ ತಿಂಗಳ ಚಿತ್ರ?

2015ರ ಜನವರಿಯಿಂದ ಉಚಿತವಾಗಿರುವ ಗೂಗಲ್ ಅರ್ಥ್ ಪ್ರೊದಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ಸರಿಸಿ ನೋಡಬಹುದು. ಬೋರುವೆಲ್ ಬಂದದ್ದು ಯಾವಾಗ, ತೋಟ ಎದ್ದದ್ದು ಯಾವಾಗ ಎಂಬುದಕ್ಕೆ ಇದೇ ಒಳ್ಳೆಯ ಸಾಕ್ಷಿ. ಆದರೆ ಚಿತ್ರದ ತಿಂಗಳನ್ನು ನೋಡದೆ ತೀರ್ಮಾನಿಸುವುದು ಅಪಾಯ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ನಾಟಿ ನಡೆಯುವುದು ಮುಂಗಾರಿನ ಆರಂಭದಲ್ಲಿ. ಮಾರ್ಚ್ ತಿಂಗಳ ಚಿತ್ರದಲ್ಲಿ ಅದೇ ಹೊಲ ಬೋಳಾಗಿ, ಬಂಜರಿನಂತೆ ಕಾಣುತ್ತದೆ. ಕೆ.ಆರ್. ನಗರದ ನಾಲೆ ಬಯಲು ಡಿಸೆಂಬರ್ ಕೊಯ್ಲಿನ ನಂತರ ಹಳದಿಗೆ ತಿರುಗಿದರೆ ನೀರಾವರಿ ಇಲ್ಲವೆಂದಲ್ಲ.

ಕೃತಕ ಉಪಗ್ರಹ ‘ಸೆಂಟಿನೆಲ್-2’ರ ಚಿತ್ರಗಳು ಉಚಿತ, ಐದಾರು ದಿನಗಳಿಗೊಮ್ಮೆ ಹೊಸತು. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಚೌಕ, ಅಂದರೆ ಹೆಚ್ಚು ಕಡಿಮೆ ಒಂದು ಗುಂಟೆ. ನಮ್ಮ ಹಿರಿಯರ ಸರಪಳಿಗೂ ಯೂರೋಪಿನ ಉಪಗ್ರಹಕ್ಕೂ ಇಷ್ಟು ಹೊಂದಿಕೆ ಬಂದಿರುವುದು ಸೋಜಿಗವೇ. ಮಳೆಗಾಲದ ಮೋಡಗಳು ಅಡ್ಡ ಬರುತ್ತವೆ. ಆದರೂ ಒಂದು ವರ್ಷದ ಸ್ಪಷ್ಟ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಒಂದು ಬೆಳೆಯ ಭೂಮಿ ಯಾವುದು, ಎರಡು ಬೆಳೆಯದು ಯಾವುದು ಎಂಬುದು ಪಹಣಿಯ ಬೆಳೆ ಕಾಲಮ್ಮಿಗಿಂತ ಚೆನ್ನಾಗಿ ತಿಳಿಯುತ್ತದೆ.

ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನುಗಳು ಚಿತ್ರದಲ್ಲಿ ಸುಲಭವಾಗಿ ಗುರುತಿಗೆ ಸಿಗುತ್ತವೆ. ಅವುಗಳಿಗೆ ಬೆಲೆ ಕಟ್ಟುವಾಗ ಕಟ್ಟಡವೇ ಬೇರೆ, ತಂಬಾಕು ಮಂಡಳಿಯ ನೋಂದಣಿಯೇ ಬೇರೆ ಎಂಬುದು ನೆನಪಿರಲಿ. ಜಮೀನಿನ ಮೌಲ್ಯದೊಳಗೆ ನೋಂದಣಿಯ ಲಾಭವನ್ನು ಬೆರೆಸುವುದು ಸರಿಯಲ್ಲ.

ಎಚ್.ಡಿ. ಕೋಟೆಯಲ್ಲಿ ಎತ್ತರದ ದತ್ತಾಂಶವೂ ಬೇಕಾಗುತ್ತದೆ. ಕಬಿನಿ ಜಲಾಶಯದ ಪೂರ್ಣ ಮಟ್ಟ 2,284 ಅಡಿ, ಸುಮಾರು 696 ಮೀಟರ್. ಬೇಸಿಗೆಯ ಚಿತ್ರದಲ್ಲಿ ಹಿನ್ನೀರು ಸರಿದ ನೆಲ ಹಸಿರು ಹೊದ್ದು ಹೊಲದಂತೆಯೇ ಕಾಣುತ್ತದೆ. ಉಚಿತವಾಗಿ ಸಿಗುವ 30 ಮೀಟರ್ ಎತ್ತರ ದತ್ತಾಂಶದಲ್ಲಿ ಕೆಲವು ಮೀಟರುಗಳ ದೋಷವಿರುವುದರಿಂದ ಅದು ತೀರ್ಪು ಕೊಡಲಾರದು, ಅನುಮಾನವನ್ನಷ್ಟೇ ಎಬ್ಬಿಸಬಲ್ಲದು. ಅನುಮಾನ ಎದ್ದರೆ ದೀಪಾವಳಿಯ ಆಸುಪಾಸಿನ ಚಿತ್ರವನ್ನು ತೆರೆದು ನೋಡಬೇಕು. ಬಂಡೀಪುರದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು 2012ರಲ್ಲಿ ಘೋಷಿಸಲಾಗಿದ್ದು, ಕೋಟೆ ಸೀಮೆಯ ಹಳ್ಳಿಗಳೂ ಅದರಲ್ಲಿವೆ. ರೆಸಾರ್ಟ್ ಬರುವ ಆಸೆಯಲ್ಲಿ ಹೇಳುವ ಬೆಲೆಯನ್ನು ಒಪ್ಪುವ ಮೊದಲು ಅಧಿಸೂಚನೆಯ ಗ್ರಾಮ ಪಟ್ಟಿಯನ್ನು ನೋಡಲೇಬೇಕು.

ಒಂದೇ ಪಟ್ಟಿ, ಎರಡು ಉತ್ತರ

ಹೋಲಿಕೆಗೆ ಬೇಕಾದ ಮಾರಾಟಗಳ ವಿವರ ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯಿಂದ, ಋಣಭಾರ ಪತ್ರಗಳ ಮೂಲಕ ಸಿಗುತ್ತದೆ. ಕ್ರಯಪತ್ರದಲ್ಲಿ ಕಾಣಿಸುವ ಬೆಲೆ ಬಹಳಷ್ಟು ಸಲ ಸರ್ಕಾರದ ಮಾರ್ಗಸೂಚಿ ದರಕ್ಕೆ ಅಂಟಿಕೊಂಡೇ ಇರುತ್ತದೆ. ರಾಜ್ಯದಲ್ಲಿ ಆ ದರವನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಆದ್ದರಿಂದ ಆ ದಿನಾಂಕದ ಹಿಂದಿನ ಮತ್ತು ಮುಂದಿನ ಮಾರಾಟಗಳನ್ನು ಒಂದೇ ರಾಶಿಯಲ್ಲಿ ಸುರಿದರೆ ಬೆಲೆ ದಿಢೀರನೆ ಜಿಗಿದಂತೆ ತೋರುತ್ತದೆ. ಪ್ರತಿ ಮಾರಾಟದ ಪಕ್ಕದಲ್ಲಿ ಅಂದಿನ ಮಾರ್ಗಸೂಚಿ ದರವನ್ನೂ ದಾಖಲಿಸಬೇಕು.

ಆರು ಮಾರಾಟಗಳಲ್ಲಿ ಎಕರೆಗೆ 14, 15, 15, 16, 20, 28 ಲಕ್ಷ ಎಂದಿದೆ ಎಂದುಕೊಳ್ಳೋಣ. ಇದು ಕೇವಲ ಉದಾಹರಣೆ. ಸರಾಸರಿ 18 ಲಕ್ಷ, ನಡುವಿನ ಬೆಲೆ ಹದಿನೈದೂವರೆ ಲಕ್ಷ. ಸಾಲಕ್ಕೆ ಭದ್ರತೆ ನೋಡುವ ಬ್ಯಾಂಕಿಗೆ ನಡುವಿನ ಬೆಲೆಯೇ ಹೆಚ್ಚು ವಿಶ್ವಾಸಾರ್ಹ. ಭೂಸ್ವಾಧೀನದಲ್ಲಿ ಲೆಕ್ಕ ಬೇರೆ. 2013ರ ಕಾಯಿದೆಯ 26ನೇ ಕಲಮಿನಂತೆ, ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ಆಯ್ದು ಸರಾಸರಿ ತೆಗೆಯಬೇಕು. ಅದರಂತೆ ಇಲ್ಲಿ ಸುಮಾರು 21 ಲಕ್ಷ 33 ಸಾವಿರ ಬರುತ್ತದೆ. ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಆ ದರವೇ ಊರ್ಜಿತ. ಗ್ರಾಮೀಣ ಪ್ರದೇಶದ ಗುಣಕ, ಶೇ 100ರ ಸಾಂತ್ವನ ಧನ ಇವೆಲ್ಲ ಆಮೇಲಿನ ಮಾತು. ಈ ಕಾಯಿದೆಯ ಪರಿಹಾರ ಕ್ರಮ 2015ರ ಜನವರಿ 1ರಿಂದ ರಾಷ್ಟ್ರೀಯ ಹೆದ್ದಾರಿಗಳಿಗೂ ಅನ್ವಯಿಸುತ್ತದೆ. ಪಟ್ಟಿಯನ್ನು ಬೆಲೆಯ ಇಳಿಕೆ ಕ್ರಮದಲ್ಲಿ ಜೋಡಿಸಿ ಎರಡೂ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡವರಿಗೆ, ವರದಿಯ ಉದ್ದೇಶ ಬದಲಾದಾಗ ಬೆಲೆ ಏಕೆ ಬದಲಾಯಿತೆಂದು ವಿವರಿಸುವುದು ಕಷ್ಟವಾಗದು.

ವರದಿಯೊಂದಿಗೆ ಲಗತ್ತಿಸುವ ನಕ್ಷೆಯಲ್ಲಿ ಉಪಗ್ರಹ ಚಿತ್ರದ ದಿನಾಂಕ, ಪ್ರಕ್ಷೇಪದ ಹೆಸರು, ಗಡಿಯ ಮೂಲ ಇವನ್ನು ಕೆಳಗೆ ನಮೂದಿಸಬೇಕು. ವಿಸ್ತೀರ್ಣವನ್ನು ‘ಪಹಣಿಯಂತೆ’, ‘ನಕ್ಷೆಯ ಅಳತೆಯಂತೆ’ ಎಂದು ಎರಡು ಸಾಲಿನಲ್ಲಿ ಬರೆಯುವುದು ಉತ್ತಮ. ಸರ್ವೆ ನಂಬರಿನ ಒಂದು ಭಾಗವಷ್ಟೇ ಮಾರಾಟವಾಗುತ್ತಿದ್ದರೆ 11ಇ ನಕ್ಷೆಯನ್ನು ಕೇಳಿ ಪಡೆಯಬೇಕು. ಎರಡು ವಿಸ್ತೀರ್ಣಗಳ ನಡುವಿನ ಅಂತರ ಮೇಲೆ ಹೇಳಿದ ದೋಷಗಳ ಮಿತಿಯನ್ನು ಮೀರಿದ್ದರೆ, ಜಮೀನಿನ ಮಾಲೀಕರು ‘ಮೋಜಿಣಿ’ಯ ಮೂಲಕ ಹದ್ದುಬಸ್ತಿಗೆ ಅರ್ಜಿ ಹಾಕುವಂತೆ ಸೂಚಿಸಿ, ಸರ್ಕಾರಿ ಭೂಮಾಪಕರು ಕಲ್ಲು ತೋರಿಸುವವರೆಗೆ ಅಂತಿಮ ಅಂಕಿಯನ್ನು ತಡೆಹಿಡಿಯಬೇಕು.