ಹೊರವಲಯದ ಮನೆ: ಕೊಳ್ಳುವ ಮುನ್ನ ಓದಬೇಕಾದ ಕ್ರಯದ ಚರಿತ್ರೆ

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಹಳೆಯ ಮನೆಯೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವರು ಕೋಣೆಗಳನ್ನು ಎಣಿಸುತ್ತಾರೆ, ವಾಸ್ತು ನೋಡುತ್ತಾರೆ, ದರದಲ್ಲಿ ಚೌಕಾಸಿ ಮಾಡುತ್ತಾರೆ. ಆ ಮನೆ ಯಾರಿಂದ ಯಾರಿಗೆ ಬಂತು ಎಂಬ ವಿಚಾರಣೆ ಮಾತ್ರ ಅನೇಕ ವೇಳೆ ಮುಂಗಡ ಕೊಟ್ಟ ನಂತರ ಆರಂಭವಾಗುತ್ತದೆ. ಈ ಕ್ರಮ ತಿರುಗುಮುರುಗಾಗಬೇಕು.

ಋಣಭಾರ ಪತ್ರ

1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೌಲ್ಯದ ಸ್ಥಿರಾಸ್ತಿಯ ಕ್ರಯಪತ್ರವನ್ನು ನೋಂದಾಯಿಸುವುದು ಕಡ್ಡಾಯ. ಈ ದಾಖಲೆಗಳ ಸಾರವೇ ಉಪನೋಂದಣಾಧಿಕಾರಿಗಳ ಕಚೇರಿ ನೀಡುವ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಇದು ದೊರೆಯುತ್ತದೆ. ಕ್ರಯ, ದಾನ, ವಿಭಾಗ, ಹಕ್ಕು ಬಿಡುಗಡೆ, ನೋಂದಾಯಿತ ಅಡಮಾನ ಇವೆಲ್ಲ ದಿನಾಂಕ ಹಾಗೂ ಮೊತ್ತದೊಡನೆ ಇದರಲ್ಲಿರುತ್ತವೆ. ಕನಿಷ್ಠ 30 ವರ್ಷಗಳ ಇ.ಸಿ. ಪಡೆಯುವುದು ವಾಡಿಕೆ. ಕಚೇರಿಯ ವ್ಯಾಪ್ತಿ ಬದಲಾಗಿದ್ದಲ್ಲಿ ಹಳೆಯ ಕಚೇರಿಯಲ್ಲಿಯೂ ವಿಚಾರಿಸತಕ್ಕದ್ದು.

ಇ.ಸಿ.ಯಲ್ಲಿ ಕಾಣದ್ದು

ನೋಂದಣಿಯಾಗದ ಕರಾರು, ಉಯಿಲು, ತೆರಿಗೆ ಬಾಕಿ, ನ್ಯಾಯಾಲಯದಲ್ಲಿರುವ ಪಾಲಿನ ದಾವೆ ಇವು ಸಾಮಾನ್ಯವಾಗಿ ಇದರಲ್ಲಿ ಕಾಣಸಿಗುವುದಿಲ್ಲ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆದ್ದರಿಂದ ತಂದೆಯ ಮನೆಯನ್ನು ಗಂಡುಮಕ್ಕಳು ಮಾತ್ರ ಸಹಿ ಹಾಕಿ ಮಾರುತ್ತಿದ್ದರೆ ವಂಶವೃಕ್ಷವನ್ನು ಕೇಳಿ ಪಡೆಯುವುದು ಅವಶ್ಯ. ಜಿ.ಪಿ.ಎ. ಮೂಲಕ ಕೈ ಬದಲಾದ ನಿವೇಶನದ ಬಗ್ಗೆಯೂ ಎಚ್ಚರವಿರಲಿ. ಅಂತಹ ಪತ್ರದಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ನೀಡಿದೆ. ಖಾತೆಯೂ ತೆರಿಗೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಮೂಲಪತ್ರದಿಂದ ಇಂದಿನ ಮಾರಾಟಗಾರರವರೆಗೆ ಒಂದು ಕೊಂಡಿ ಕಳಚಿದ್ದರೂ ಸರಪಳಿ ಅಪೂರ್ಣ.

ಇ.ಸಿ.ಯಲ್ಲಿರುವ ಮೊತ್ತವನ್ನು ನಿಜವಾದ ಬೆಲೆಯೆಂದು ನಂಬುವಂತಿಲ್ಲ. ಮುದ್ರಾಂಕ ಶುಲ್ಕ ಉಳಿಸಲು ಸರ್ಕಾರದ ಮಾರ್ಗಸೂಚಿ ದರದ ಆಸುಪಾಸಿನಲ್ಲೇ ಬೆಲೆ ನಮೂದಿಸುವ ರೂಢಿಯುಂಟು.

ನೆರೆಹೊರೆಯ ಸೌಲಭ್ಯ

2007ರಲ್ಲಿ 7 ನಗರಸಭೆ, 1 ಪುರಸಭೆ ಹಾಗೂ 110 ಹಳ್ಳಿಗಳು ಬೆಂಗಳೂರಿನ ಪಾಲಿಕೆಗೆ ಸೇರಿದವು. ಆ ಹಳ್ಳಿಗಳಿಗೆ ನೀರೊದಗಿಸುವ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಗರದ ಹೆಸರು ಬಂದು ನೀರು ಬರುವುದರ ನಡುವೆ 17 ವರ್ಷಗಳ ಅಂತರವಿತ್ತು. ಆದಕಾರಣ 'ಕಾವೇರಿ ನೀರಿದೆ' ಎಂಬ ಮಾತಿಗಿಂತ ಜಲಮಂಡಳಿಯ ಬಿಲ್ಲೇ ಪ್ರಮಾಣ. ಒಳಚರಂಡಿ ಸಂಪರ್ಕವನ್ನೂ ಹಾಗೆಯೇ ಖಚಿತಪಡಿಸಿಕೊಳ್ಳಬೇಕು.

ಎದುರಿನ ಖಾಲಿ ಜಾಗವನ್ನು ಉದ್ಯಾನವೆಂದು ತೋರಿಸಿದರೆ ಅನುಮೋದಿತ ಬಡಾವಣೆ ನಕ್ಷೆಯನ್ನು ನೋಡಬೇಕು. ನಕ್ಷೆಯಲ್ಲಿ ಅದು ಉದ್ಯಾನ ಅಥವಾ ನಾಗರಿಕ ಸೌಲಭ್ಯ ನಿವೇಶನ ಎಂದಿಲ್ಲವಾದರೆ ನಾಳೆ ಅಲ್ಲಿ ಕಟ್ಟಡ ಏಳಬಹುದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ದೂರವನ್ನು ಬೆಳಿಗ್ಗೆಯ ದಟ್ಟಣೆಯ ವೇಳೆ ಸ್ವತಃ ಹೋಗಿ ಅಳೆಯುವುದು ಲೇಸು. ಒಂದು ಮಳೆಗಾಲದ ಸಂಜೆ ಅದೇ ರಸ್ತೆಯಲ್ಲಿ ನಿಂತು ನೋಡಿದರೆ ರಾಜಕಾಲುವೆ ಎಷ್ಟು ಹತ್ತಿರವಿದೆಯೆಂಬುದೂ ತಿಳಿಯುತ್ತದೆ.

ಜೀವಮಾನದ ಉಳಿತಾಯ ತೊಡಗುವ ವ್ಯವಹಾರವಿದು. ಅನುಭವಿ ವಕೀಲರಿಗೆ ಕೊಡುವ ಶುಲ್ಕ ಮನೆಯ ಬೆಲೆಯ ಮುಂದೆ ಅತ್ಯಲ್ಪ. ಮುಂಗಡಕ್ಕೆ ಮೊದಲೇ ಅವರಿಗೆ ಕಾಗದಪತ್ರಗಳನ್ನು ತೋರಿಸುವುದು ಜಾಣತನ.